ಡಾಸ್‌ಎಮು, 8255 ಮತ್ತು ಮಿಸುಕದ ಸ್ಟೆಪ್ಪರ್ ಮೋಟರ್

ಲಿನಕ್ಸ್‌ನೊಳಗೆ ಡಾಸ್ ಓಡಿಸುವ ಡಾಸ್‌ಎಮುವಿನಲ್ಲಿ ಸ್ಟೆಪ್ಪರ್ ಮೋಟರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟರ್) ನಡೆಸುವ ಪ್ರೋಗ್ರಾಂ ಓಡಿತು, ಎರರ್ ಬರಲಿಲ್ಲ, ಡಾಸ್ ಪ್ರಾಂಪ್ಟ್ ವಾಪಸ್ ಬಂತು. ಮೋಟರ್ ಮಾತ್ರ ಮಿಸುಕಲಿಲ್ಲ. ಡಾಸ್‌ನ ಡಿಬಗ್ ತೆರೆದು ಪೋರ್ಟ್ (ಸಿಪಿಯು ಕಾರ್ಡಿನೊಡನೆ ಮಾತಾಡುವ ವಿಳಾಸ) ಓದಿದರೆ ಎಫ್‌ಎಫ್, ಅಂದರೆ ಎಂಟೂ ಬಿಟ್ 1. ಯಾವ ಪೋರ್ಟ್ ಓದಿದರೂ ಎಫ್‌ಎಫ್.

ವಿಟಿಯು 2010ರ ಸ್ಕೀಮ್‌ನ ಮೈಕ್ರೊಪ್ರೊಸೆಸರ್ ಲ್ಯಾಬ್ ಮಾಡಿದವರಿಗೆ ಈ ಸರಂಜಾಮು ಗೊತ್ತಿರುತ್ತದೆ: 8255 (ಮೂರು ಪೋರ್ಟುಗಳ ಇನ್‌ಪುಟ್-ಔಟ್‌ಪುಟ್ ಚಿಪ್) ಇರುವ ಪಿಸಿಐ ಕಾರ್ಡ್, ಅದರಿಂದ ಹೊರಡುವ ಚಪ್ಪಟೆ ಎಫ್‌ಆರ್‌ಸಿ ಕೇಬಲ್, ತುದಿಯಲ್ಲಿ ಲಾಜಿಕ್ ಕಂಟ್ರೋಲರ್, ಸೆವೆನ್ ಸೆಗ್‌ಮೆಂಟ್ ಡಿಸ್‌ಪ್ಲೇ ಅಥವಾ ಸ್ಟೆಪ್ಪರ್ ಮೋಟರ್ ಬೋರ್ಡು. ಮಾಸ್ಮ್ ಎಂಬ ಅಸೆಂಬ್ಲರ್‌ನಲ್ಲಿ ಬರೆದ ಪ್ರೋಗ್ರಾಂ ವಿಂಡೋಸ್ 98ರಲ್ಲಿ ನೇರವಾಗಿ ಪೋರ್ಟ್ ಮುಟ್ಟುತ್ತಿತ್ತು. ಆ ಯಂತ್ರದ ಮದರ್‌ಬೋರ್ಡ್ ಕೈಕೊಟ್ಟಿತು. ಕಾರ್ಡನ್ನು ಪಿಸಿಐ ಎಕ್ಸ್‌ಪ್ರೆಸ್‌ನಿಂದ ಪಿಸಿಐಗೆ ಬದಲಿಸುವ ಅಡಾಪ್ಟರ್ ಮೇಲೆ ಕೂರಿಸಿ, 64 ಬಿಟ್ ಉಬುಂಟು ಇದ್ದ ಹೊಸ ಯಂತ್ರಕ್ಕೆ ಸಾಗಿಸಿದ್ದಾಯಿತು. ಇಡೀ ದಿನ ಹಿಡಿದದ್ದು ಅದರ ಮುಂದಿನ ಕೆಲಸ.

ಇಂಥ ಕಡೆ ಮೊದಲು ಬರುವ ಸಲಹೆ ಡಾಸ್‌ಬಾಕ್ಸ್, ಡಾಸ್ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್. ಮಾಸ್ಮ್ ಅದರಲ್ಲಿ ಚೆನ್ನಾಗಿಯೇ ಓಡುತ್ತದೆ, ಹೀಗಾಗಿ ಪೋರ್ಟ್ ಕೂಡ ಸಿಗುತ್ತದೆ ಅಂದುಕೊಳ್ಳುತ್ತಾರೆ. ಸಿಗುವುದಿಲ್ಲ. ಮೂಲ ಡಾಸ್‌ಬಾಕ್ಸ್ ಪೋರ್ಟಿಗೆ ಬರೆಯುವ ಔಟ್ ಸೂಚನೆಯನ್ನು ತಾನು ಸೃಷ್ಟಿಸಿದ ಯಂತ್ರದೊಳಗೇ ಮುಗಿಸಿಬಿಡುತ್ತದೆ. ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಪ್ಯಾರಲಲ್ ಪೋರ್ಟಿಗೆ ರಿಯಲ್‌ಎಲ್‌ಪಿಟಿ ಎಂಬ ದಾರಿಯಿದೆ, ಲಿನಕ್ಸ್‌ನಲ್ಲಿ ಅದು ಪಾರ್‌ಪೋರ್ಟ್ ಡಿವೈಸ್ ಮೂಲಕ ಹೋಗುತ್ತದೆ. 8255 ಕಾರ್ಡಿಗೆ ಅದರಿಂದ ಉಪಯೋಗವಿಲ್ಲ. ಆದ್ದರಿಂದ ಡಾಸ್‌ಎಮುವಿನ ಹೊಸ ರೂಪವಾದ ಡಾಸ್‌ಎಮು2: ಅನುಮತಿ ಕೊಟ್ಟ ಪೋರ್ಟನ್ನು ಅದು ನಿಜವಾಗಿ ಮುಟ್ಟುತ್ತದೆ.

ಎಫ್‌ಎಫ್ ಬಂದಾಗ ಕಷ್ಟವೇನೆಂದರೆ ಅದು ಬೇರೆ ಬೇರೆ ಮೂಲಗಳಿಂದ ಬರಬಹುದು, ನೋಡಲು ಎಲ್ಲವೂ ಒಂದೇ. ಎಮ್ಯುಲೇಟರ್‌ಗೆ ಆ ಪೋರ್ಟಿನ ಅನುಮತಿ ಇಲ್ಲದಿದ್ದರೆ ಅದೇ ಎಫ್‌ಎಫ್ ಕೊಡುತ್ತದೆ. ಅನುಮತಿ ಇದ್ದು ಆ ವಿಳಾಸದಲ್ಲಿ ಯಾವ ಕಾರ್ಡೂ ಉತ್ತರಿಸದಿದ್ದರೆ ಬಸ್ಸಿನಿಂದಲೂ ಅದೇ ಬರುತ್ತದೆ. ಕಾರ್ಡ್ ಇದ್ದೂ ಅದರ ಐಒ (ಇನ್‌ಪುಟ್-ಔಟ್‌ಪುಟ್) ಬಾಗಿಲು ಮುಚ್ಚಿದ್ದರೂ ಅಷ್ಟೇ. ಹೀಗಾಗಿ ಡಾಸ್‌ಎಮು ಕಾನ್ಫಿಗ್ ತಿದ್ದುತ್ತ ಕೂರುವುದು ದಂಡ. ಡಾಸನ್ನು ಬದಿಗಿಟ್ಟು ಕೆಳಗಿನಿಂದ, ಅಂದರೆ ಕಾರ್ಡಿನಿಂದ, ಶುರುಮಾಡಬೇಕು.

ಪಿಸಿಐ ಕಾರ್ಡುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ -ವಿ ಕೊಟ್ಟು ಕಾರ್ಡಿನ ಸಾಲು ಹುಡುಕಿದೆವು. ತಯಾರಕ ಸಂಖ್ಯೆ 10ಬಿ5, ಸಾಧನ ಸಂಖ್ಯೆ 9050. ಇದು ಪಿಎಲ್‌ಎಕ್ಸ್ 9050, ಪಿಸಿಐ ಬಸ್ಸನ್ನು ಕಾರ್ಡಿನ ಒಳಗಿನ ಚಿಪ್‌ಗಳಿಗೆ ಜೋಡಿಸುವ ಬ್ರಿಡ್ಜ್ ಚಿಪ್. 8255 ಅದರ ಹಿಂದೆ ಕೂತಿರುತ್ತದೆ. ಈ ಚಿಪ್ ಎರಡು ಐಒ ಪ್ರದೇಶ ತೋರಿಸಿತು: 4000ದಲ್ಲಿ 128 ಬೈಟ್, 4080ರಲ್ಲಿ 16 ಬೈಟ್. ಮೊದಲು ಕಾಣುವುದನ್ನೇ ಬೇಸ್ ಎಂದು ಹಿಡಿಯುವುದು ಸಹಜ. ಆದರೆ 128 ಬೈಟಿನದು ಪಿಎಲ್‌ಎಕ್ಸ್‌ನ ಸ್ವಂತ ರಿಜಿಸ್ಟರ್‌ಗಳು. ಅಲ್ಲಿಗೆ 8255ರ ಪೋರ್ಟುಗಳ ದಿಕ್ಕು ಹೇಳುವ ಕಂಟ್ರೋಲ್ ವರ್ಡ್ ಬರೆದರೆ ಬ್ರಿಡ್ಜ್‌ನ ಹೊಂದಾಣಿಕೆಯೇ ಕೆಡುತ್ತದೆ, ಆಮೇಲೆ ಯಂತ್ರ ಆಫ್ ಮಾಡಿ ಆನ್ ಮಾಡುವವರೆಗೆ ಕಾರ್ಡ್ ತೆಪ್ಪಗಿರುತ್ತದೆ. ನಮಗೆ ಬೇಕಾದದ್ದು ಚಿಕ್ಕ ಪ್ರದೇಶ: ಪೋರ್ಟ್ ಎ 4080, ಬಿ 4081, ಸಿ 4082, ಕಂಟ್ರೋಲ್ 4083, ಎಲ್ಲವೂ ಹೆಕ್ಸ್ (ಹದಿನಾರರ ಎಣಿಕೆ). ಹಳೆಯ ಯಂತ್ರದಲ್ಲಿ ಇದೇ ಕಾರ್ಡ್ ಡಿ800ರಲ್ಲಿತ್ತು. ಪಿಸಿಐ ವಿಳಾಸವನ್ನು ಪ್ರತಿ ಯಂತ್ರದ ಬಯೋಸ್ ಅಥವಾ ಕರ್ನಲ್ ಹಂಚುತ್ತದೆ. ಸ್ಲಾಟ್ ಬದಲಾದರೆ ವಿಳಾಸವೂ ಬದಲಾಗಬಹುದು. ಲ್ಯಾಬ್ ರೆಕಾರ್ಡ್ ಪುಸ್ತಕಗಳಲ್ಲಿ ಡಿ800 ಎಂದು ಅಚ್ಚೊತ್ತಿದಂತೆ ಬರೆದಿರುತ್ತಾರಲ್ಲ, ಅದನ್ನು ನಂಬಬಾರದು.

ಅದೇ ಸಾಲುಗಳಲ್ಲಿ ಇನ್ನೊಂದು ಪದವಿತ್ತು: ಡಿಸೇಬಲ್ಡ್. ಮುಖ್ಯ ಕಾರಣ ಇದು. ಪಿಸಿಐ ಕಾರ್ಡಿನ ಕಮಾಂಡ್ ರಿಜಿಸ್ಟರ್‌ನಲ್ಲಿ 0ನೇ ಬಿಟ್ ಐಒ ವಿಳಾಸಕ್ಕೆ ಓಗೊಡಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಹಳೆಯ ಬಯೋಸ್‌ಗಳು ಸಾಮಾನ್ಯವಾಗಿ ಅದನ್ನು 1 ಮಾಡಿಯೇ ಬಿಡುತ್ತಿದ್ದವು. ಈಗಿನ ಫರ್ಮ್‌ವೇರ್ ಬೂಟಿಗೆ ಬೇಕಿಲ್ಲದ ಕಾರ್ಡನ್ನು ಹಾಗೇ ಬಿಟ್ಟರೆ, ಲಿನಕ್ಸ್‌ನಲ್ಲಿ ಆ ಕಾರ್ಡಿನ ಡ್ರೈವರ್ ಬಂದು ತೆರೆಯಬೇಕು. ನಮ್ಮ ಕಾರ್ಡಿಗೆ ಡ್ರೈವರೇ ಇಲ್ಲ, ತೆರೆಯುವವರೂ ಇಲ್ಲ. ಕರ್ನಲ್ ಸಾಧನಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಪಿಸಿಐ ಡಿವೈಸಸ್ ಫೋಲ್ಡರಿನಲ್ಲಿ ಕಾರ್ಡಿನ ಹೆಸರಿನಡಿ ಎನೇಬಲ್ ಎಂಬ ಫೈಲಿದೆ. ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಆಗಿ ಅದರಲ್ಲಿ 1 ಬರೆದೆವು. ಎಲ್‌ಎಸ್‌ಪಿಸಿಐ ಮತ್ತೆ ನೋಡಿದರೆ ಡಿಸೇಬಲ್ಡ್ ಹೋಗಿತ್ತು. ಸೆಟ್‌ಪಿಸಿಐನಿಂದ ಕಮಾಂಡ್ ಬಿಟ್ ಹಚ್ಚಿದರೂ ಆಗುತ್ತದೆ, ಆದರೆ ಎನೇಬಲ್ ಫೈಲ್ ದಾರಿಯಲ್ಲಿ ಕರ್ನಲ್‌ಗೂ ವಿಷಯ ಗೊತ್ತಿರುತ್ತದೆ, ಮೇಲಿನ ಬ್ರಿಡ್ಜ್‌ಗಳನ್ನೂ ಅದೇ ತೆರೆಯುತ್ತದೆ.

ಇದನ್ನು ಲಿನಕ್ಸ್‌ನಿಂದಲೇ ಪರೀಕ್ಷಿಸಲು ಹತ್ತು ಸಾಲಿನ ಸಿ ಪ್ರೋಗ್ರಾಂ ಸಾಕು: ಐಒಪರ್ಮ್ ಎಂಬ ಕರ್ನಲ್ ಕರೆಯಲ್ಲಿ 4080ರಿಂದ ನಾಲ್ಕು ಪೋರ್ಟಿಗೆ ಅನುಮತಿ ಕೇಳುವುದು, ಕಂಟ್ರೋಲ್‌ಗೆ ಹೆಕ್ಸ್ 80 ಬರೆದು ಮೂರೂ ಪೋರ್ಟನ್ನು ಔಟ್‌ಪುಟ್ ಮಾಡುವುದು, ಪೋರ್ಟ್ ಎಗೆ 55 ಬರೆದು ಅಲ್ಲಿಂದಲೇ ವಾಪಸ್ ಓದುವುದು. ಮೋಡ್ 0ಯ ಔಟ್‌ಪುಟ್ ಪೋರ್ಟ್ ಓದಿದರೆ 8255 ತನ್ನ ಲ್ಯಾಚ್‌ನಲ್ಲಿರುವುದನ್ನು ಕೊಡುತ್ತದೆ, ಹಾಗಾಗಿ 55 ಬರಬೇಕು. ಪೋರ್ಟ್ ಓದಿ ನೋಡಿ, ಕಂಟ್ರೋಲ್ ರಿಜಿಸ್ಟರ್ ಓದಲು ಹೋಗಬೇಡಿ. ಹಳೆಯ 8255ಎ ಚಿಪ್‌ನಲ್ಲಿ ಅದನ್ನು ಓದಲಾಗುವುದಿಲ್ಲ, 82ಸಿ55ಎಯಲ್ಲಿ ಓದಬಹುದು. ಟರ್ಬೊ ಸಿ ಅಭ್ಯಾಸ ಇರುವವರಿಗೆ ಇನ್ನೊಂದು ತೊಡಕು: ಡಾಸ್‌ನ ಔಟ್‌ಪೋರ್ಟ್‌ಬಿಗೆ ಮೊದಲು ಪೋರ್ಟ್, ಆಮೇಲೆ ಮೌಲ್ಯ, ಲಿನಕ್ಸ್‌ನ ಔಟ್‌ಬಿಗೆ ಮೊದಲು ಮೌಲ್ಯ, ಆಮೇಲೆ ಪೋರ್ಟ್. ಅದಲುಬದಲಾದರೆ ಕಂಪೈಲರ್ ಎರರ್ ಕೊಡುವುದಿಲ್ಲ.

ಐಒಪರ್ಮ್ ರೂಟ್‌ಗೂ ಒಲಿಯಲಿಲ್ಲ, ಅನುಮತಿ ಇಲ್ಲ ಎಂದಿತು. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಲಾಕ್‌ಡೌನ್ ಎಂಬ ಪದದಿಂದ ಶುರುವಾಗುವ ಸಾಲು, ಕಚ್ಚಾ ಐಒ ಪೋರ್ಟ್ ಬಳಕೆಗೆ ನಿರ್ಬಂಧ ಎಂಬ ತಾತ್ಪರ್ಯದ್ದು. ಕರ್ನಲ್ 5.4ರಲ್ಲಿ ಬಂದ ಈ ವ್ಯವಸ್ಥೆ, ಉಬುಂಟುವಿನಂಥ ವಿತರಣೆಗಳಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಬೂಟ್ ಮಾಡುವ ವ್ಯವಸ್ಥೆ) ಆನ್ ಇದ್ದರೆ ತಾನಾಗಿ ಜಾರಿಯಾಗುತ್ತದೆ. ಆಗ ಐಒಪರ್ಮ್, ಐಒಪಿಎಲ್, ಡೆವ್ ಪೋರ್ಟ್ ಮೂರೂ ಬಂದ್. ರೂಟ್ ಹಕ್ಕು ಕೊಡುವ ಸುಡೊ ಇಲ್ಲಿ ಏನೂ ಮಾಡಲಾರದು. ಫರ್ಮ್‌ವೇರ್ ಮೆನುಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲೆ ಸಿ ಪ್ರೋಗ್ರಾಂ 55 ಓದಿತು, ಎಎ ಬರೆದರೆ ಎಎ ಓದಿತು. ಹಾಗೆ ಬೂಟ್ ಮಾಡಿದಾಗ ಎನೇಬಲ್ ಫೈಲ್ ಮತ್ತೆ ಸೊನ್ನೆಗೆ ಬಂದಿರುತ್ತದೆ. ಮತ್ತೆ 1 ಬರೆಯಬೇಕು. ಇಂಟರ್‌ನೆಟ್‌ಗೆ ಸೇರಿದ, ಹತ್ತಾರು ಜನ ಲಾಗಿನ್ ಆಗುವ ಯಂತ್ರದಲ್ಲಿ ಸೆಕ್ಯೂರ್ ಬೂಟ್ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಲ್ಯಾಬ್ ಕಾರ್ಡಿಗೆ ಪ್ರತ್ಯೇಕ ಯಂತ್ರವೇ ಇರಲಿ.

ಇಷ್ಟಾದ ಮೇಲೆ ಡಾಸ್‌ಎಮು ಸರದಿ. ಕಾನ್ಫಿಗ್‌ನಲ್ಲಿ $_ಪೋರ್ಟ್ಸ್ ಎಂಬ ಸಾಲಿಗೆ ರೇಂಜ್ ಎಂದು ಬರೆದು 0ಎಕ್ಸ್4080, ಅಲ್ಪವಿರಾಮ, 0ಎಕ್ಸ್4083 ಕೊಡಬೇಕು. 0ಎಕ್ಸ್ ಬಿಟ್ಟರೆ ಅದು 4080ನ್ನು ದಶಮಾಂಶ ಎಂದೇ ಓದುತ್ತದೆ, ಅಂದರೆ ಹೆಕ್ಸ್‌ನಲ್ಲಿ ಎಫ್‌ಎಫ್0. ಹಳೆಯ ಡಿ800 ಆಗಿದ್ದರೆ ಅಕ್ಷರ ಕಂಡು ತಕರಾರು ತೆಗೆಯುತ್ತಿತ್ತು. ಬರೀ ಅಂಕಿಗಳ ವಿಳಾಸದಲ್ಲಿ ಸದ್ದಿಲ್ಲದೆ ತಪ್ಪು ಪೋರ್ಟ್ ತೆರೆಯುತ್ತದೆ, ಮತ್ತೆ ಎಫ್‌ಎಫ್. ಪ್ಯಾರಲಲ್ ಪೋರ್ಟಿನ 378ಕ್ಕೂ ಇದೇ ಗತಿ, ಅದು 17ಎ ಆಗಿಬಿಡುತ್ತದೆ.

ರಗಳೆಯೇ ಬೇಡ ಎಂದು 0ಯಿಂದ ಎಫ್‌ಎಫ್‌ಎಫ್‌ಎಫ್‌ವರೆಗೆ ಎಲ್ಲ ಪೋರ್ಟ್ ತೆರೆಯುವವರಿದ್ದಾರೆ. ಆದರೆ 70, 71ರಲ್ಲಿ ಗಡಿಯಾರ, ಬಯೋಸ್ ಹೊಂದಾಣಿಕೆ ಇಡುವ ಸಿಮಾಸ್ ಇದೆ, ಸಿಎಫ್8ರಲ್ಲಿ ಪಿಸಿಐ ಕಾನ್ಫಿಗರೇಷನ್ ಇದೆ. ಸಿಎಫ್9ಕ್ಕೆ 06 ಬಿದ್ದರೆ ಯಂತ್ರವೇ ರೀಸೆಟ್. ನಾಲ್ಕು ಪೋರ್ಟ್ ಬೇಕಿದ್ದರೆ ನಾಲ್ಕೇ ಕೊಡಿ.

ಡಾಸ್‌ಎಮುವನ್ನು -ಎಸ್ ಆಯ್ಕೆಯೊಂದಿಗೆ, ಸುಡೊ ಮೂಲಕ ಓಡಿಸಬೇಕು. ಸಾಮಾನ್ಯ ಬಳಕೆದಾರರಾಗಿ ಓಡಿಸಿದರೆ ಪೋರ್ಟ್ ಸಾಲಿಗೆ ಬೆಲೆಯಿಲ್ಲ. ಅನುಮಾನ ಉಳಿದರೆ ದೊಡ್ಡಕ್ಷರದ -ಡಿ ಆಯ್ಕೆಗೆ ಪ್ಲಸ್ ಮತ್ತು ಸಣ್ಣ ಐ ಸೇರಿಸಿ, -ಒದಿಂದ ಲಾಗ್ ಫೈಲ್ ಹೆಸರು ಕೊಟ್ಟು ಇನ್, ಔಟ್ ಸೂಚನೆಗಳನ್ನು ಬರೆಸಬಹುದು. ಒಳಗೆ ಫ್ರೀಡಾಸ್ ಡಿಬಗ್‌ನಲ್ಲಿ ಒ 4083 80, ಒ 4080 55, ಐ 4080 ಎಂದು ಕೊಟ್ಟಾಗ 55 ಬಂತು. ಡಿಬಗ್‌ಗೆ ಎಲ್ಲವೂ ಹೆಕ್ಸ್, ಅಲ್ಲಿ 0ಎಕ್ಸ್ ಹಾಕುವಂತಿಲ್ಲ. ಮಾಸ್ಮ್ ಮೂಲದಲ್ಲಿ ವಿಳಾಸ ಬದಲಿಸಿ ಮತ್ತೆ ಅಸೆಂಬಲ್ ಮಾಡಿದೆವು. 255 ದಾಟಿದ ಪೋರ್ಟ್ ಡಿಎಕ್ಸ್ ರಿಜಿಸ್ಟರ್ ಮೂಲಕವೇ ಹೋಗಬೇಕು. ಲ್ಯಾಬ್ ಪ್ರೋಗ್ರಾಂಗಳಲ್ಲಿ ಅದು ಹಾಗೇ ಇರುತ್ತದೆ.

ಮೋಟರ್ ಈಗ ಗುಂಯ್‌ಗುಟ್ಟಿತು, ತಿರುಗಲಿಲ್ಲ. ಕೈಯಿಟ್ಟರೆ ಸಣ್ಣ ನಡುಕ.

ಇದು ಪೋರ್ಟಿನ ಕಾಯಿಲೆಯಲ್ಲ. ಪ್ರೋಗ್ರಾಂ ಎಎಲ್ ರಿಜಿಸ್ಟರ್‌ನಲ್ಲಿ ಹೆಕ್ಸ್ 11 ಇಟ್ಟುಕೊಂಡು ಒಂದೊಂದು ಬಿಟ್ ಸುತ್ತಿಸುತ್ತದೆ: 11, 22, 44, 88. ಪ್ರತಿ ಹೆಜ್ಜೆಯ ನಡುವಿನ ವಿರಾಮ ಸಿಎಕ್ಸ್‌ಗೆ ಎಫ್‌ಎಫ್‌ಎಫ್‌ಎಫ್ ತುಂಬಿ ಸುತ್ತುವ ಲೂಪ್. 4.77 ಮೆಗಾಹರ್ಟ್ಸ್‌ನ 8086ರಲ್ಲಿ ಒಂದು ಲೂಪ್ ಸೂಚನೆಗೆ 17 ಕ್ಲಾಕ್, ಅಂದರೆ 65,535 ಸುತ್ತಿಗೆ ಹೆಚ್ಚುಕಡಿಮೆ 0.23 ಸೆಕೆಂಡು. ಕೆವಿಎಂ (ಲಿನಕ್ಸ್‌ನ ವರ್ಚುವಲ್ ಯಂತ್ರ ವ್ಯವಸ್ಥೆ) ಮೇಲೆ ಓಡುವ ಡಾಸ್‌ಎಮು2ರಲ್ಲಿ ಆ ಲೂಪ್ ನೇರ 3 ಗಿಗಾಹರ್ಟ್ಸ್ ಸಿಪಿಯುವಿನಲ್ಲೇ ನಡೆಯುತ್ತದೆ, ಒಂದು ಮಿಲಿಸೆಕೆಂಡೂ ಹಿಡಿಯುವುದಿಲ್ಲ. ಸೆಕೆಂಡಿಗೆ ಸಾವಿರಾರು ಹೆಜ್ಜೆ ಕೇಳಿದರೆ ನಿಂತಿರುವ ರೋಟರ್ ಹಿಂಬಾಲಿಸಲಾರದು. ಹಿಂದಿನವರು ಪೆಂಟಿಯಂ ಬಂದಾಗ ಒಂದರೊಳಗೊಂದು ಲೂಪ್ ಹಾಕಿ ಸಂಭಾಳಿಸಿದ್ದರು. ಅದನ್ನೇ ಇನ್ನೂ ಹಿಗ್ಗಿಸುವುದಕ್ಕಿಂತ ಲೂಪ್ ತೆಗೆದುಹಾಕುವುದು ಮೇಲು. ಬಯೋಸ್ ಸೇವೆಯಾದ ಇಂಟರಪ್ಟ್ 15ಕ್ಕೆ ಎಎಚ್‌ನಲ್ಲಿ 86 (ಎರಡೂ ಹೆಕ್ಸ್) ಕೊಟ್ಟರೆ ಸಿಎಕ್ಸ್, ಡಿಎಕ್ಸ್ ಜೋಡಿಯಲ್ಲಿ ಹೇಳಿದಷ್ಟು ಮೈಕ್ರೊಸೆಕೆಂಡು ಕಾಯುತ್ತದೆ. ಸಿಎಕ್ಸ್ 0, ಡಿಎಕ್ಸ್ 2710 ಹೆಕ್ಸ್ ಎಂದರೆ 10 ಮಿಲಿಸೆಕೆಂಡು. 1.8 ಡಿಗ್ರಿಯ ಮೋಟರ್‌ಗೆ 200 ಹೆಜ್ಜೆಯ ಒಂದು ಸುತ್ತು, ಅಂದರೆ ಸುಮಾರು 2 ಸೆಕೆಂಡು. ಕರೆಯುವ ಮುನ್ನ ಎಎಕ್ಸ್, ಸಿಎಕ್ಸ್, ಡಿಎಕ್ಸ್ ಪುಶ್ ಮಾಡಿ ಉಳಿಸಿಕೊಳ್ಳಲೇಬೇಕು: ಎಎಲ್‌ನಲ್ಲಿ ಹೆಜ್ಜೆಯ ಪ್ಯಾಟರ್ನ್ ಇದೆ, ಸಿಎಕ್ಸ್‌ನಲ್ಲಿ ಹೆಜ್ಜೆಗಳ ಲೆಕ್ಕ ಇದೆ, ಡಿಎಕ್ಸ್‌ನಲ್ಲಿ ಪೋರ್ಟ್ ವಿಳಾಸ. ಮೋಟರ್ ತಿರುಗಿತು.

ಮೈಕ್ರೊಸೆಕೆಂಡ್ ಲೆಕ್ಕದ ಪಲ್ಸ್ ಬೇಕಾದ ಕೆಲಸವನ್ನು, ಹಳೆಯ ಈಪ್ರಾಮ್ ಪ್ರೋಗ್ರಾಮರ್‌ನಂಥದ್ದನ್ನು, ಈ ಏರ್ಪಾಟಿನಿಂದ ನಿರೀಕ್ಷಿಸಬೇಡಿ. ಪ್ರತಿ ಇನ್, ಔಟ್ ಸೂಚನೆಯೂ ಎಮ್ಯುಲೇಟರ್‌ಗೆ ಹೊರಬಂದು ಹಕ್ಕಿರುವ ಕೋಡ್ ಮೂಲಕ ಹೋಗುತ್ತದೆ, ನಡುವೆ ಲಿನಕ್ಸ್ ಬೇರೆ ಕೆಲಸಕ್ಕೂ ಹೊರಳಬಹುದು. ಕಾರ್ಡ್ ಇಂಟರಪ್ಟ್ ಬಳಸುವುದಾದರೂ ಕಷ್ಟ: ಡಾಸ್‌ಎಮುವಿನ $_ಐಆರ್‌ಕ್ಯುಪಾಸಿಂಗ್ ನಿಂತಿರುವುದು 32 ಬಿಟ್ ಕರ್ನಲ್‌ನ ವಿಎಂ86 ಕರೆಯ ಮೇಲೆ, 64 ಬಿಟ್‌ನಲ್ಲಿ ಅದಿಲ್ಲ. ಲ್ಯಾಬ್ ಪ್ರೋಗ್ರಾಂಗಳು ಪೋಲಿಂಗ್‌ನಲ್ಲೇ, ಅಂದರೆ ಪೋರ್ಟನ್ನು ಪದೇ ಪದೇ ಓದಿ ನೋಡುತ್ತಲೇ, ನಡೆಯುವುದರಿಂದ ನಮಗೆ ತೊಂದರೆಯಾಗಲಿಲ್ಲ.

ಬೂಟ್ ಆದಾಗಲೆಲ್ಲ ಎನೇಬಲ್‌ಗೆ 1 ಬರೆಯುವ ತಾಪತ್ರಯ ತಪ್ಪಿಸಲು, ಸಾಧನ ಕಂಡಾಗ ತಾನಾಗಿ ಜಾರಿಯಾಗುವ ಯುಡೆವ್ ನಿಯಮ ಒಂದು ಸಾಲಿನದು: ಸಬ್‌ಸಿಸ್ಟಂ ಪಿಸಿಐ, ವೆಂಡರ್ 0ಎಕ್ಸ್10ಬಿ5, ಡಿವೈಸ್ 0ಎಕ್ಸ್9050 ಆಗಿದ್ದರೆ ಎನೇಬಲ್ ಆಟ್ರಿಬ್ಯೂಟ್‌ಗೆ 1. ಅಡಾಪ್ಟರ್ ಸ್ಲಾಟ್ ಬದಲಿಸಿದವರು ಎಲ್‌ಎಸ್‌ಪಿಸಿಐ ಮತ್ತೊಮ್ಮೆ ನೋಡಿ ಡಾಸ್‌ಎಮು ಕಾನ್ಫಿಗ್ ಮತ್ತು ಮಾಸ್ಮ್ ಮೂಲ ಎರಡರಲ್ಲೂ ವಿಳಾಸ ತಿದ್ದಬೇಕು. ಹಾಗೇ /ಪ್ರಾಕ್/ಐಒಪೋರ್ಟ್ಸ್ ನೋಡುವವರು ಸುಡೊ ಹಾಕಿ ನೋಡಿ. ಇಲ್ಲದಿದ್ದರೆ ಎಲ್ಲ ವಿಳಾಸವೂ 0000 ಎಂದೇ ಕಾಣುತ್ತದೆ.