ಕೊಪ್ಪೆ ಹೊದ್ದ ಹೂವು

ಭಾನುವಾರ, ಏಪ್ರಿಲ್ 6, 2025
ನ್ಯೂ ಹೋಪ್, ಪೆನ್ಸಿಲ್ವೇನಿಯಾ

ಕಳೆದ ಭಾನುವಾರ, ಉಗಾದಿಯ ದಿನ, ಬೋಮನ್ಸ್ ಹಿಲ್‌ಗೆ ಹೋಗಿದ್ದಾಗ ಓಕ್ ಮತ್ತು ಮೇಪಲ್ ಮರಗಳ ಕೆಳಗೆ ತರಗೆಲೆಯ ಹೊರತು ಬೇರೇನೂ ಕಂಡಿರಲಿಲ್ಲ. ಸ್ಥಳೀಯ ಕಾಡುಹೂಗಳಿಗಾಗಿಯೇ 1934ರಲ್ಲಿ ಆರಂಭವಾದ ಈ ವನದ ಅದೇ ಇಳಿಜಾರಿನಲ್ಲಿ ಇಂದು ಬ್ಲಡ್‌ರೂಟ್ ಎಂಬ ಬಿಳಿ ಕಾಡುಹೂವಿನ ಗಿಡ ಮೇಲೆದ್ದಿದೆ.

ಒಂದು ಮೊಗ್ಗಿಗೆ ಒಂದೇ ಎಲೆ. ಆ ಎಲೆ ಹೂವಿನ ತೊಟ್ಟನ್ನು ಸುತ್ತಿಕೊಂಡೇ ನೆಲದಿಂದ ಹೊರಬರುತ್ತದೆ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಹೊರಟವರ ಮುಖವಷ್ಟೇ ಕಾಣುವಂತೆ, ಬೂದುಹಸಿರು ಎಲೆಯ ಮೇಲೆ ಬಿಳಿ ಮೊಗ್ಗಿನ ತುದಿಯಷ್ಟೇ ಇಣುಕುತ್ತಿತ್ತು. ಊರಿನ ಹಿತ್ತಿಲಿನ ನೆಲಸಂಪಿಗೆ ಹೂವನ್ನು ಮೊದಲು ಬರಿನೆಲದ ಮೇಲೆ ಅರಳಿಸಿ, ಎಲೆಯನ್ನು ಆಮೇಲೆ ಬಿಡುತ್ತದೆ. ಅಲ್ಲಿ ಆ ಹೊತ್ತಿಗೆ ನೆಲ ಬೆಚ್ಚಗಿರುತ್ತದೆ. ಏಪ್ರಿಲ್‌ನ ರಾತ್ರಿಗಳಲ್ಲೂ ಹಿಮ ಕಟ್ಟಬಹುದಾದ ಇಲ್ಲಿ ಹೊದಿಕೆಯಿಲ್ಲದೆ ಹೊರಬರುವುದು ಕಷ್ಟವೆಂದು ನನಗೆ ತೋರುತ್ತದೆ.

ಯಾರದೋ ಕಾಲಡಿ ಸಿಕ್ಕು ಮುರಿದಿದ್ದ ಒಂದು ತೊಟ್ಟಿನಿಂದ ಕೆಂಪು-ಕಿತ್ತಳೆ ರಸ ಒಸರಿತ್ತು. ಬ್ಲಡ್‌ರೂಟ್, ಅಂದರೆ ನೆತ್ತರಿನ ಬೇರು, ಎಂಬ ಹೆಸರು ಬಂದದ್ದು ಈ ರಸದಿಂದಲೇ, ಗೆಡ್ಡೆಯಲ್ಲಿಯೂ ಅದೇ ಬಣ್ಣ. ಗಸಗಸೆಯ ಕುಟುಂಬಕ್ಕೆ ಸೇರಿದ ಗಿಡವಿದು. ರಸದಲ್ಲಿ ವಿಷವಿರುವುದರಿಂದ ನಾನು ಮುಟ್ಟಲಿಲ್ಲ, ಆದರೆ ಆ ಮುರಿದ ಮೊಗ್ಗನ್ನು ನೋಡಿ ಮನಸ್ಸಿಗೆ ಬಹಳ ಹೊತ್ತು ನೋವಾಯಿತು.

ಸಂಜೆ ನಾಲ್ಕರವರೆಗೆ ಕಾದೆ. ಮೋಡ ಸರಿಯಲಿಲ್ಲ, ಹದಿನೇಳು ಮೊಗ್ಗುಗಳಲ್ಲಿ ಒಂದೂ ಬಿಚ್ಚಿಕೊಳ್ಳಲಿಲ್ಲ. ಬಿಸಿಲಿಲ್ಲದೆ ಈ ಹೂ ಅರಳುವುದಿಲ್ಲ, ಅರಳಿದ್ದೂ ರಾತ್ರಿ ಮುಚ್ಚಿಕೊಳ್ಳುತ್ತದೆ. ಇದರಲ್ಲಿ ಮಕರಂದವಿಲ್ಲ, ಪರಾಗಕ್ಕಾಗಿ ಬರುವ ಸಣ್ಣ ಜೇನುಗಳೂ ಬೆಚ್ಚನೆಯ ಹೊತ್ತಿನಲ್ಲಿ ಮಾತ್ರ ಹಾರುತ್ತವೆ. ಅವು ಬಾರದೇ ಹೋದರೆ ಕೆಲವೇ ದಿನಗಳಲ್ಲಿ ಕೇಸರಗಳು ತಾವೇ ಬಾಗಿ ಹೂವಿನ ಹೆಣ್ಣುಭಾಗದ ತುದಿಯಾದ ಶಲಾಕಾಗ್ರಕ್ಕೆ ಪರಾಗ ಮುಟ್ಟಿಸುತ್ತವೆ. ಮುಂದೆ ಬಲಿತ ಬೀಜಕ್ಕೆ ಅಂಟಿಕೊಂಡ ಕೊಬ್ಬಿನ ತುಣುಕಿನ ಆಸೆಗೆ ಇರುವೆಗಳು ಅದನ್ನು ಗೂಡಿಗೆ ಹೊತ್ತೊಯ್ದು, ತುಣುಕನ್ನು ತಿಂದು ಬೀಜವನ್ನು ಬಿಸಾಡುತ್ತವೆ. ಹೊಸ ಗಿಡ ಅಲ್ಲಿ ಹುಟ್ಟುತ್ತದೆ. ಇಷ್ಟು ದೊಡ್ಡ ಕಾಡಿನ ನೆಲದ ಹೂವೊಂದು ಇರುವೆಯ ನಡಿಗೆಯಷ್ಟು ದೂರವೇ ಹರಡಬಲ್ಲದೆಂದು ತಿಳಿದ ಮೇಲೆ, ಕಾಲುದಾರಿಯಿಂದ ಆಚೆ ಹೆಜ್ಜೆಯಿಡಲು ನನಗೆ ಧೈರ್ಯವಾಗುವುದಿಲ್ಲ.

ಒಂದು ಜೋರು ಮಳೆ ಬಂದರೂ ಎಸಳುಗಳು ಉದುರಿಹೋಗುತ್ತವೆ. ಆದ್ದರಿಂದ ಮುಂದಿನ ಭಾನುವಾರದವರೆಗೆ ಕಾಯುವಂತಿಲ್ಲ. ವಾರದ ನಡುವೆ ಬಿಸಿಲು ಬಂದ ದಿನವೇ ಅರ್ಧ ದಿನ ರಜೆ ಹಾಕಿ ಹೋಗುತ್ತೇನೆ.