ಸಣ್ಣ ಕಾಲೇಜಿನ ಪ್ರಯೋಗಾಲಯದಲ್ಲಿ ಭೌತಶಾಸ್ತ್ರ

ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಐಚ್ಛಿಕವಾಗಿ ತೆಗೆದುಕೊಂಡು ನಾನು ಬಿ.ಎಸ್ಸಿ. ಓದಿದೆ. ಪಿಯುಸಿ ವಿಜ್ಞಾನ ಮುಗಿಸಿದವರಲ್ಲಿ ಅನೇಕರು ಸಿಇಟಿ ಬರೆದು ಎಂಜಿನಿಯರಿಂಗ್‌ಗೆ ಹೋಗುವುದರಿಂದ ನಮ್ಮ ತರಗತಿಯಲ್ಲಿ ಬೆರಳೆಣಿಕೆಯಷ್ಟೇ ವಿದ್ಯಾರ್ಥಿಗಳಿದ್ದರು. ಇದನ್ನು ಎಲ್ಲರೂ ಕೊರತೆಯೆಂದೇ ಎಣಿಸುತ್ತಾರೆ. ಆದರೆ ಪ್ರಯೋಗಾಲಯದ ಮಟ್ಟಿಗೆ ಅದು ನಮಗೆ ದೊರೆತ ಬಹುದೊಡ್ಡ ಅನುಕೂಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅವುಗಳ ಕೋನ ಅಳೆಯುವ ಸ್ಪೆಕ್ಟ್ರೋಮೀಟರನ್ನೇ ತೆಗೆದುಕೊಳ್ಳಿ. ಕಿಕ್ಕಿರಿದ ಬ್ಯಾಚಿನಲ್ಲಿ ಒಬ್ಬ ಸ್ಕ್ರೂ ತಿರುಗಿಸಿದರೆ ಮತ್ತೊಬ್ಬ ವರ್ನಿಯರ್ ಎಂಬ ಸೂಕ್ಷ್ಮ ಅಳತೆಪಟ್ಟಿಯನ್ನು ಓದುತ್ತಾನೆ, ಉಳಿದವರು ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಉಪಕರಣವಿತ್ತು. ಕಿಟಕಿಯಾಚೆಯ ದೂರದ ಮರಕ್ಕೆ ಟೆಲಿಸ್ಕೋಪನ್ನು ಹೊಂದಿಸುವುದು, ಬೆಳಕನ್ನು ಸಮಾನಾಂತರ ಕಿರಣಗಳಾಗಿಸುವ ಕಾಲಿಮೇಟರ್‌ನ ಸ್ಲಿಟ್ಟನ್ನು (ಸೀಳುಗಂಡಿಯನ್ನು) ಕಿರಿದಾಗಿಸುವುದು, ಟೆಲಿಸ್ಕೋಪನ್ನು 90 ಡಿಗ್ರಿ ತಿರುಗಿಸಿ ಗ್ರೇಟಿಂಗ್‌ನಿಂದ (ಒತ್ತೊತ್ತಾಗಿ ಗೆರೆಗಳಿರುವ ಪಾರದರ್ಶಕ ಫಲಕದಿಂದ) ಪ್ರತಿಫಲಿಸಿದ ಬಿಂಬವನ್ನು ಅಡ್ಡತಂತಿಯ ಮೇಲೆ ತಂದ ನಂತರ ಉಪಕರಣದ ಪುಟ್ಟ ಮೇಜನ್ನು 45 ಡಿಗ್ರಿ ತಿರುಗಿಸಿ ಗ್ರೇಟಿಂಗನ್ನು ಬೆಳಕಿಗೆ ಲಂಬವಾಗಿ ನಿಲ್ಲಿಸುವುದು, ಇವೆಲ್ಲವನ್ನೂ ಪ್ರತಿಯೊಬ್ಬರೂ ಆರಂಭದಿಂದ ಮಾಡಬೇಕಾಗಿತ್ತು.

ಸೋಡಿಯಂ ದೀಪದ ಹಳದಿ ಬೆಳಕು ವಾಸ್ತವವಾಗಿ 589.0 ಮತ್ತು 589.6 ನ್ಯಾನೋಮೀಟರ್ ತರಂಗದೂರದ ಎರಡು ರೇಖೆಗಳಿಂದ ಕೂಡಿದೆ. ಇಂಚಿಗೆ 15,000 ಗೆರೆಗಳಿರುವ ಗ್ರೇಟಿಂಗ್‌ನ ಮೊದಲ ಕ್ರಮಾಂಕದಲ್ಲಿ (ನೇರ ಬೆಳಕಿನ ಪಕ್ಕದಲ್ಲಿ ಮೂಡುವ ಮೊದಲ ವರ್ಣಪಟಲದಲ್ಲಿ) ಅವುಗಳ ನಡುವಿನ ಕೋನ ಸುಮಾರು ಒಂದು ನಿಮಿಷ (ಡಿಗ್ರಿಯ ಅರವತ್ತರಲ್ಲೊಂದು ಭಾಗ) ಮಾತ್ರ, ಅಂದರೆ ನಮ್ಮ ವರ್ನಿಯರ್ ಅಳೆಯಬಲ್ಲ ಅತಿ ಚಿಕ್ಕ ಕೋನದಷ್ಟೇ. ಎರಡನೆಯ ಕ್ರಮಾಂಕದಲ್ಲಿ, ಸುಮಾರು 44 ಡಿಗ್ರಿಯ ಬಳಿ, ಅದು ಮೂರು ನಿಮಿಷಕ್ಕೂ ಹೆಚ್ಚಾಗುತ್ತದೆ. ಸ್ಲಿಟ್ ತುಸು ಅಗಲವಾಗಿದ್ದರೂ ಕಾಣುವುದು ಒಂದೇ ದಪ್ಪ ಗೆರೆ. ಕಿರಿದಾಗಿಸುತ್ತ ಹೋದಂತೆ ಅದು ಎರಡಾಗಿ ಒಡೆಯುತ್ತದೆ. ಎಲೆಕ್ಟ್ರಾನಿನ ಸ್ಪಿನ್ ಎಂಬ ಅಂತರ್ಗತ ಗುಣ ಅದರ ಕಕ್ಷೀಯ ಚಲನೆಯೊಂದಿಗೆ ಬೆಸೆದುಕೊಂಡಿರುವುದರಿಂದ ಪರಮಾಣುವಿನ ಶಕ್ತಿಮಟ್ಟವೊಂದು ಇಬ್ಭಾಗವಾಗುತ್ತದೆ ಎಂದು ತರಗತಿಯಲ್ಲಿ ಬರೆದುಕೊಂಡಿದ್ದ ವಾಕ್ಯ ನನಗೆ ನಿಜವಾಗಿ ಅರ್ಥವಾದದ್ದು ಆ ಎರಡು ಗೆರೆಗಳನ್ನು ನೋಡಿದ ಮೇಲೆಯೇ.

ದೀಪ ಹೊತ್ತಿಕೊಂಡ ಮೊದಲ ಕೆಲವು ನಿಮಿಷ ಅದು ಕೆಂಪಾಗಿ ಉರಿಯುತ್ತದೆ. ಸೋಡಿಯಂ ಆವಿಯಾಗುವವರೆಗೆ ಬೆಳಕು ನೀಡುವುದು ಒಳಗಿರುವ ನಿಯಾನ್ ಅನಿಲ. ಹಳದಿಯಾಗುವವರೆಗೆ ಕಾಯಿರಿ ಎಂದಷ್ಟೇ ಪ್ರಯೋಗದ ಕೈಪಿಡಿ ಹೇಳುತ್ತದೆ. ನಮ್ಮ ಮೇಷ್ಟ್ರು ಕಾಯಲು ಬಿಡದೆ, ಆ ಹೊತ್ತಿನಲ್ಲಿ ಕಾಣುವ ಕೆಂಪು ಮತ್ತು ಕಿತ್ತಳೆ ರೇಖೆಗಳನ್ನೂ ಅಳೆಯಲು ಹೇಳುತ್ತಿದ್ದರು. ಅದಕ್ಕೆ ಅಂಕವಿರಲಿಲ್ಲ, ರೆಕಾರ್ಡ್ ಪುಸ್ತಕದಲ್ಲಿ ಜಾಗವೂ ಇರಲಿಲ್ಲ. ಅಷ್ಟು ಕಡಿಮೆ ವಿದ್ಯಾರ್ಥಿಗಳಿದ್ದುದರಿಂದಲೇ ಅವರಿಗೆ ಅಂತಹ ಬಿಡುವು ಸಾಧ್ಯವಾಯಿತು.

ಥಿಯರಿಯ ವಿಷಯದಲ್ಲಿ ಮಾತ್ರ ಇಷ್ಟು ಮೆಚ್ಚಿ ಹೇಳಲಾರೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಪಾಠ ಕಷ್ಟವಾಗುತ್ತಿತ್ತು ನಿಜ, ಆದರೆ ಅದು ಒಂದೆರಡು ಸೆಮಿಸ್ಟರ್‌ಗಳಲ್ಲಿ ಹತೋಟಿಗೆ ಬರುವ ತೊಂದರೆ. ಸಮಸ್ಯೆಗಳನ್ನು ಬಿಡಿಸುವ ಅಭ್ಯಾಸವೇ ಇಲ್ಲದಿರುವುದು ಅದಕ್ಕಿಂತ ಗಂಭೀರವಾದದ್ದು. ಶ್ರೋಡಿಂಗರ್ ಸಮೀಕರಣದ ಉತ್ಪತ್ತಿಯನ್ನು ಉರು ಹೊಡೆದರೆ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅಂಕ ದೊರೆಯುತ್ತದೆ, ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕಿರುವ ಜ್ಯಾಮ್ ಪರೀಕ್ಷೆಯಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಈ ಅಭ್ಯಾಸವನ್ನು ಎರಡನೆಯ ವರ್ಷದಿಂದಲೇ ನಾಲ್ಕೈದು ಜನ ಗೆಳೆಯರು ಸೇರಿ ತಾವಾಗಿಯೇ ರೂಢಿಸಿಕೊಳ್ಳಬೇಕೇ ಹೊರತು ಕಾಲೇಜು ಕಲಿಸೀತೆಂದು ಕಾಯಬಾರದು.

ಈಗ ಅಂತಹ ಕಾಲೇಜುಗಳಲ್ಲಿ ಓದುತ್ತಿರುವವರಿಗೆ ಇನ್ನೊಂದು ವಿಷಯ ತಿಳಿಸಬಯಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇತರ ಎರಡು ಅಕಾಡೆಮಿಗಳೊಂದಿಗೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತ ಬಂದಿದೆ. ಆಯ್ಕೆಯಾದವರು ರಜೆಯಲ್ಲಿ ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ಅರ್ಜಿಯೊಂದಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕಾಗುತ್ತದೆ. ನಿಮ್ಮನ್ನು ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಹತ್ತಿರದಿಂದ ಕಂಡ ಮೇಷ್ಟ್ರಲ್ಲಿ ಆ ಪತ್ರವನ್ನು ಕೇಳಿ ಬರೆಸಿಕೊಳ್ಳಲು ಸಂಕೋಚಪಡಬೇಡಿ.