ಹೊಟ್ಟೆಯ ಡೈರಿ: ಆಷಾಢ, ಶ್ರಾವಣ

ಊಟದ ಲೆಕ್ಕ ಬೇಸಿಗೆಯಲ್ಲೇ ಮುಗಿದಿತ್ತು. ಹಲಸಿನ ಹಣ್ಣು, ಹಾಲು, ಈರುಳ್ಳಿ ನನ್ನ ಕೆರಳುವ ಕರುಳಿನ ತೊಂದರೆ, ಅಂದರೆ ಐಬಿಎಸ್‌ಗೆ ಆಗಿಬರಲ್ಲ. ಅಕ್ಕಿರೊಟ್ಟಿ, ಕಡುಬು ತಿಂದರೆ ತೊಂದರೆಯಿಲ್ಲ. ಮಳೆಗಾಲಕ್ಕೆ ಡೈರಿಯಲ್ಲಿ ಇನ್ನೊಂದು ಕಾಲಂ ಎಳೆದೆ: ಆ ಹೊತ್ತಿಗೆ ಮನಸ್ಸಿನಲ್ಲಿ ಏನಿತ್ತು, ಕಳವಳಕ್ಕೆ ಹತ್ತಕ್ಕೆ ಎಷ್ಟು ಅಂಕ.

ಆಷಾಢ
ಎರಡೂ ಕಾಲಂ ಒಟ್ಟಿಗೆ ಓದಿದಾಗ ವಿಷಯ ಗೊತ್ತಾಯಿತು. ಭಾನುವಾರ ಸುಮ್ಮನಿರುವ ಹೊಟ್ಟೆ, ಶಿವಮೊಗ್ಗಕ್ಕೆ ಹೋಗುವ ದಿನ ಅದೇ ರೊಟ್ಟಿ ತಿಂದರೂ ತೀರ್ಥಹಳ್ಳಿ ಸ್ಟ್ಯಾಂಡಿನಲ್ಲೇ ನುಲಿಯುತ್ತೆ. ಕರುಳಿಗೆ ತನ್ನದೇ ನರಜಾಲವಿದೆ. ವೇಗಸ್ ನರದ ಮೂಲಕ ಅದಕ್ಕೂ ಮಿದುಳಿಗೂ ಸದಾ ಮಾತುಕತೆ. ಹೆದರಿದಾಗ ದೊಡ್ಡ ಕರುಳಿನ ಚಲನೆ ಬಿರುಸಾಗುತ್ತೆ. ಐಬಿಎಸ್ ಇರುವವರಲ್ಲಿ ಈ ನರಗಳು ಸೂಕ್ಷ್ಮವಾಗಿರೋದರಿಂದ ಸಾಧಾರಣ ಗ್ಯಾಸ್ ಕೂಡ ನೋವಾಗುತ್ತೆ. ರಿಪೋರ್ಟ್ ನಾರ್ಮಲ್ ಬಂದರೂ ನೋವು ನಿಜವೇ. "ಟೆನ್ಷನ್ ಬಿಡೋ ಮಾರಾಯ" ಅಂದರೆ ಬಿಡೋಕೆ ಬರಲ್ಲ, ಈಜಿನ ಹಾಗೆ ಅದನ್ನು ಕಲಿಯಬೇಕು.

ಬೆಳಿಗ್ಗೆ ಜಗಲಿಯಲ್ಲಿ ಮಲಗಿ, ಹೊಟ್ಟೆ ಮೇಲೆ ಕೈಯಿಟ್ಟು ಉಸಿರಾಟ ಶುರುಮಾಡಿದೆ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಎದೆ ಏಳಬಾರದು, ಹೊಟ್ಟೆ ಏಳಬೇಕು.

ಶ್ರಾವಣ
ನಿಜವಾದ ಕೆಲಸ ಬಸ್ಸಿನದು. ಉಪವಾಸವಿದ್ದು ಹೊರಡೋದು, ಬಾಗಿಲ ಪಕ್ಕದ ಸೀಟೇ ಹಿಡಿಯೋದು, ಇವೆಲ್ಲ ಹೆದರಿಕೆಯನ್ನು ಸಾಕುವ ಅಭ್ಯಾಸಗಳು. ಒಂದೊಂದಾಗಿ ಬಿಡಬೇಕು ಅನ್ನುತ್ತೆ ಸಿಬಿಟಿ, ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸಲು ಕಲಿಸುವ ಮನೋಚಿಕಿತ್ಸೆ. ಮೊದಲು ಅರ್ಧ ರೊಟ್ಟಿ ತಿಂದು ಮಂಡಗದ್ದೆಯವರೆಗೆ ಮಾತ್ರ ಹೋದೆ. ಇಳಿದು, ಹೊಳೆ ನಡುವಿನ ಮರಗಳ ಮೇಲಿನ ಹಕ್ಕಿ ನೋಡಿ ವಾಪಸ್. ಆಮೇಲೆ ಗಾಜನೂರು. ಆಮೇಲೆ ಪೂರ್ತಿ ದಾರಿ. "ಮಧ್ಯದಲ್ಲೇ ಅವಸರವಾದರೆ?" ಅಂತ ಹೊರಡುವಾಗ ಬರೆದದ್ದರ ಎದುರಿಗೆ, ಮನೆಗೆ ಬಂದ ಮೇಲೆ ಆದದ್ದನ್ನು ಬರೆಯುತ್ತೇನೆ.

ಮೊನ್ನೆ ಸಕ್ರೆಬೈಲಿನ ಹತ್ತಿರ ರಸ್ತೆಗೆ ಮರ ಬಿದ್ದು ಬಸ್ ನಿಂತಿತು. ಹೊಕ್ಕುಳ ಕೆಳಗೆ ಹಿಂಡಲು ಶುರು, ಅಂಗೈ ಬೆವರು. ವೈಪರ್ ನೋಡುತ್ತ ಉಸಿರು ಎಣಿಸಿದೆ. ಹಿಡಿತ ಏರಿತು, ಸ್ವಲ್ಪ ಹೊತ್ತು ಹಾಗೇ ಇತ್ತು, ನಾನು ಇಳಿದು ಓಡದೆಯೇ ಸಡಿಲಾಯಿತು. ಅಂಕ ಎಂಟರಿಂದ ನಾಲ್ಕಕ್ಕೆ. ಆ ಪುಟ ನನಗೆ ತುಂಬಾ ದೊಡ್ಡದು.

ಇದು ನನ್ನೊಬ್ಬನ ಅನುಭವವಷ್ಟೇ ಅಲ್ಲ. ಔಷಧಿಯಿಂದ ಗುಣ ಕಾಣದ 558 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫೋನಿನಲ್ಲೋ ಇಂಟರ್ನೆಟ್ಟಿನಲ್ಲೋ ಸಿಬಿಟಿ ಪಡೆದವರು ವರ್ಷದ ನಂತರವೂ ಉಳಿದವರಿಗಿಂತ ಚೆನ್ನಾಗಿದ್ದರು. ಹತ್ತಿರದಲ್ಲಿ ಆಪ್ತಸಮಾಲೋಚಕರಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಉಸಿರಾಟ ಆಮೇಲೆ, ಡಾಕ್ಟರು ಮೊದಲು.

ಮುಂದಿನದು ಆಗುಂಬೆ ಘಾಟಿ. ತಿರುವುಗಳ ನಡುವೆ ಬಸ್ ನಿಲ್ಲಿಸೋಕೆ ಜಾಗವಿಲ್ಲ, ಅದಕ್ಕೇ ಈವರೆಗೆ ಮುಂದೂಡಿದ್ದೆ. ಮೊದಲು ಸೋಮೇಶ್ವರದವರೆಗೆ ಇಳಿದು ಹತ್ತಬೇಕು. ದೀಪಾವಳಿಗೆ ಉಡುಪಿಯ ಅಕ್ಕನ ಮನೆಗೆ, ತಿಂಡಿ ತಿಂದುಕೊಂಡೇ.